ಸ್ವಾತಂತ್ರ್ಯ ಹೋರಾಟದ ಸ್ವಯಂಸೇವಕರಿಗೆ ತರಬೇತಿ ಇತ್ತೇ?

ಪ್ರಶ್ನೆ: ಗಾಂಧೀಜಿ ಕರೆ ಕೊಟ್ಟರು, ಜನ ಬೀದಿಗಿಳಿದರು ಎಂದೇ ಶಾಲೆಯಲ್ಲಿ ಓದಿದ್ದೇವೆ. ಊರೂರಿನಲ್ಲಿ ದುಡಿದ ಸ್ವಯಂಸೇವಕರಿಗೆ ತರಬೇತಿ ಅಂತ ಏನಾದರೂ ಇತ್ತೇ? ಇದ್ದರೆ, ಯಾರು ಕೊಟ್ಟರು, ಏನು ಕಲಿಸಿದರು?

ಉತ್ತರ: ಇತ್ತು. ಅದನ್ನು ದೇಶದ ಮಟ್ಟದಲ್ಲಿ ಕಟ್ಟಿ ನಿಲ್ಲಿಸಿದವರಲ್ಲಿ ಮುಂದಿನ ಸಾಲಿನವರು ಹುಬ್ಬಳ್ಳಿಯ ಕಡೆಯವರು. ನಮ್ಮ ಪಠ್ಯಪುಸ್ತಕಗಳು ಈ ವಿಷಯವನ್ನು ಒಂದು ಸಾಲಿನಲ್ಲಿ ದಾಟಿಬಿಡುವುದರಿಂದ ಸ್ವಲ್ಪ ಬಿಡಿಸಿಯೇ ಹೇಳಬೇಕು.

ತರಬೇತಿ ಬೇಕೆನಿಸಿದ್ದು ಜನ ಬಾರದೇ ಇದ್ದದ್ದಕ್ಕಲ್ಲ, ವಿಪರೀತ ಬಂದದ್ದಕ್ಕೆ. 1920ರಲ್ಲಿ ಗಾಂಧೀಜಿ ಹೋದಲ್ಲೆಲ್ಲ ರೈಲು ನಿಲ್ದಾಣಗಳಲ್ಲಿ ನೂಕುನುಗ್ಗಲು, ಕಿವಿ ಗಡಚಿಕ್ಕುವ ಗದ್ದಲ. ಬೇಸತ್ತ ಅವರು ಆ ವರ್ಷದ ಸೆಪ್ಟೆಂಬರಿನಲ್ಲಿ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಸ್ವಯಂಸೇವಕರಿಗೆ ಒಂದು ನಿಯಮಾವಳಿಯನ್ನೇ ಬರೆದರು. ದೊಡ್ಡ ಸಭೆಗಳಿಗೆ ಹೊಸಬರನ್ನು ಸ್ವಯಂಸೇವಕರಾಗಿ ತೆಗೆದುಕೊಳ್ಳಬಾರದು. ಪ್ರತಿಯೊಬ್ಬರ ಬಳಿಯೂ ಸೂಚನೆಗಳ ಕಿರುಪುಸ್ತಕ ಇರಬೇಕು. ಗಣ್ಯರು ಇಳಿಯುವ ಜಾಗದಲ್ಲೇ ಎಲ್ಲರೂ ಗುಂಪುಗೂಡದೆ, ಜನರ ನಡುವೆ ಅಲ್ಲಲ್ಲಿ ಹಂಚಿಕೊಂಡು ನಿಲ್ಲಬೇಕು. ಯಾವ ಜೈಕಾರ, ಯಾವಾಗ ಎಂಬುದಕ್ಕೂ ಶಿಸ್ತು ಇರಬೇಕು. ಮಹಾತ್ಮರ ಬರಹ ಎಂದು ತೆರೆದರೆ ಜಾತ್ರೆಯ ಬಂದೋಬಸ್ತಿನ ಪಟ್ಟಿಯಂತೆ ಕಾಣುತ್ತದೆ. ನನಗಂತೂ ಅವರ ಎಷ್ಟೋ ದೊಡ್ಡ ಲೇಖನಗಳಿಗಿಂತ ಇದೇ ಹೆಚ್ಚು ಇಷ್ಟ.

ಮರುವರ್ಷ ಕೆಲಸ ಇನ್ನಷ್ಟು ಗಟ್ಟಿಯಾಯಿತು. 1921ರ ಮಾರ್ಚಿನಲ್ಲಿ ವಿಜಯವಾಡದಲ್ಲಿ ಕಾಂಗ್ರೆಸ್ ಮೂರು ಗುರಿ ಹಾಕಿಕೊಂಡಿತು: ತಿಲಕ್ ಸ್ವರಾಜ್ಯ ನಿಧಿಗೆ 1 ಕೋಟಿ ರೂಪಾಯಿ, 1 ಕೋಟಿ ಸದಸ್ಯರು, 20 ಲಕ್ಷ ಚರಕ. ಗಡುವು ಜೂನ್ 30. ಸದಸ್ಯತ್ವಕ್ಕೆ ನಾಲ್ಕಾಣೆ. ಇದನ್ನು ವೇದಿಕೆಯ ಮೇಲಿನ ಭಾಷಣದಿಂದ ಮುಗಿಸಲಾಗದು. ಮನೆಮನೆಗೆ ಹೋಗಬೇಕು, ಹೆಸರು ಬರೆದುಕೊಳ್ಳಬೇಕು, ಕಾಸಿನ ಲೆಕ್ಕ ಒಪ್ಪಿಸಬೇಕು. ಆದರೆ ಹುರುಪಿನ ಇನ್ನೊಂದು ಮುಖ 1922ರ ಫೆಬ್ರವರಿ 4ರಂದು ಈಗಿನ ಉತ್ತರ ಪ್ರದೇಶದ ಚೌರಿಚೌರಾದಲ್ಲಿ ಕಂಡಿತು. ರೊಚ್ಚಿಗೆದ್ದ ಗುಂಪು ಠಾಣೆಗೆ ಬೆಂಕಿ ಇಟ್ಟಿತು, ಪೊಲೀಸರು ಒಳಗೇ ಸುಟ್ಟುಹೋದರು. ಗಾಂಧೀಜಿ ಅಸಹಕಾರ ಚಳವಳಿಯನ್ನೇ ನಿಲ್ಲಿಸಿದರು.

ಇಲ್ಲಿ ಡಾ. ನಾ. ಸು. ಹರ್ಡೀಕರ್ ಬರುತ್ತಾರೆ. ಧಾರವಾಡದಲ್ಲಿ ಹುಟ್ಟಿ, ಕಲ್ಕತ್ತಾದಲ್ಲಿ ವೈದ್ಯಕೀಯ ಓದಿ, ಅಮೆರಿಕದ ಮಿಶಿಗನ್‌ನಲ್ಲಿ ಸಾರ್ವಜನಿಕ ಆರೋಗ್ಯ ಕಲಿತು, ಅಲ್ಲಿಯೇ ಲಾಲಾ ಲಜಪತ ರಾಯರ ಜೊತೆ ಭಾರತಕ್ಕೆ ಸ್ವಯಮಾಡಳಿತ ಕೇಳುವ ಹೋಮ್‌ರೂಲ್ ಪ್ರಚಾರಕ್ಕೆ ದುಡಿದು 1921ರಲ್ಲಿ ಮರಳಿದವರು. ರಾಷ್ಟ್ರಧ್ವಜ ಹಿಡಿದು ಮೆರವಣಿಗೆ ಹೋಗುವ ಹಕ್ಕಿಗಾಗಿ ನಡೆದ 1923ರ ನಾಗಪುರದ ಧ್ವಜ ಸತ್ಯಾಗ್ರಹಕ್ಕೆ ಹುಬ್ಬಳ್ಳಿ ಸೇವಾ ಮಂಡಲ ಎಂಬ ಸ್ವಯಂಸೇವಕ ಗುಂಪಿನ ಹುಡುಗರನ್ನು ಕರೆದುಕೊಂಡು ಹೋದರು. ಜೈಲಿನ ಕಷ್ಟ ತಾಳಲಾರದೆ ಹಲವು ಸತ್ಯಾಗ್ರಹಿಗಳು ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯವರು ಬರೆದುಕೊಡಲಿಲ್ಲ. ಕಾಂಗ್ರೆಸ್ ನಾಯಕರ ಗಮನ ಇವರತ್ತ ಹರಿದದ್ದು ಆಗಲೇ. ಅದೇ ವರ್ಷದ ಡಿಸೆಂಬರಿನ ಕಾಕಿನಾಡ ಅಧಿವೇಶನದಲ್ಲಿ, ಸ್ವಯಂಸೇವಕರನ್ನು ತರಬೇತುಗೊಳಿಸುವ ಹಿಂದೂಸ್ತಾನಿ ಸೇವಾ ದಳ ರೂಪುಗೊಂಡಿತು. ಜವಾಹರಲಾಲ್ ನೆಹರೂ ಅದರ ಮೊದಲ ಅಧ್ಯಕ್ಷರು.

ಎಲ್ಲರೂ ಚಪ್ಪಾಳೆ ತಟ್ಟಿದರು ಎಂದುಕೊಳ್ಳಬೇಡಿ. ಸಮವಸ್ತ್ರ, ಕವಾಯತು, ಅಪ್ಪಣೆ – ಇದೆಲ್ಲ ಪಡೆ ಕಟ್ಟಿದಂತೆ, ಅಹಿಂಸೆಗೆ ಹೊಂದದ್ದು ಎಂದು ಕಾಂಗ್ರೆಸ್ಸಿನ ಒಳಗೇ ವಿರೋಧವಿತ್ತು. ಆ ಅನುಮಾನ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಆದರೂ ಸಾವಿರಾರು ಜನರ ನಡುವೆ ಒಂದು ಮಾತಿಗೆ ನಿಲ್ಲುವುದು, ಒಂದು ಮಾತಿಗೆ ಕೂರುವುದು ಮೈಗೂಡಬೇಕಾದರೆ ಅಭ್ಯಾಸಕ್ಕಿಂತ ಬೇರೆ ದಾರಿ ಯಾವುದಿತ್ತು?

1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನವೇ ಇದಕ್ಕೆ ಪರೀಕ್ಷೆಯಾಯಿತು. ನೀರು, ನೈರ್ಮಲ್ಯ, ಕಾವಲು, ದಾರಿ ತೋರಿಸುವುದು, ಎಲ್ಲಕ್ಕೂ ಸ್ವಯಂಸೇವಕರೇ. ಇಲ್ಲಿ ಉಮಾಬಾಯಿ ಕುಂದಾಪುರ ಅವರ ಕೆಲಸ ದೊಡ್ಡದು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡಿದ್ದ ಅವರು ಹುಬ್ಬಳ್ಳಿಯಲ್ಲಿ ಭಗಿನಿ ಮಂಡಲ ಕಟ್ಟಿದ್ದರು, ಸೇವಾ ದಳದ ಮಹಿಳಾ ವಿಭಾಗದಲ್ಲಿ ದುಡಿಯುತ್ತಿದ್ದರು. ಹೆಂಗಸರು ಸಭೆಗೆ ಬರುವುದೇ ಅಪರೂಪವಾಗಿದ್ದ ಕಾಲದಲ್ಲಿ ಊರೂರು ತಿರುಗಿ 150ಕ್ಕೂ ಹೆಚ್ಚು ಮಹಿಳೆಯರನ್ನು ಬೆಳಗಾವಿಗೆ ಕರೆತಂದರು. ಅವರಲ್ಲಿ ವಿಧವೆಯರೂ ಇದ್ದರು. ಮನೆಯ ಹಿರಿಯರನ್ನು ಒಪ್ಪಿಸುವುದೇ ಅಲ್ಲಿ ಅರ್ಧ ಕೆಲಸ. ಕಮಲಾದೇವಿ ಚಟ್ಟೋಪಾಧ್ಯಾಯ ಕೂಡ ಮಹಿಳಾ ಸ್ವಯಂಸೇವಕಿಯರನ್ನು ಅಣಿಗೊಳಿಸಲು ಈ ದಳದ ಮೂಲಕ ಓಡಾಡಿದರು.

ಮಾಹಿತಿ ಕಲೆಹಾಕುವುದೂ ತರಬೇತಿಯ ಭಾಗವಾಗಿತ್ತು ಎಂದರೆ ಹಲವರಿಗೆ ಅಚ್ಚರಿ. 1930ರ ದಂಡಿಯಾತ್ರೆಗೆ ಮುಂಚೆ ಗುಜರಾತ್ ವಿದ್ಯಾಪೀಠದ ವಿದ್ಯಾರ್ಥಿಗಳ ‘ಅರುಣ ತುಕಡಿ’ ದಾರಿಯ ಹಳ್ಳಿಗಳಿಗೆ ಮುಂದಾಗಿ ಹೋಗುತ್ತಿತ್ತು. ಊರಲ್ಲಿ ಜನವೆಷ್ಟು, ಯಾವ ಮತದವರೆಷ್ಟು, ಚರಕವೆಷ್ಟು, ದನವೆಷ್ಟು, ಉಪ್ಪಿನ ಬಳಕೆ ಎಷ್ಟು, ಕಂದಾಯವೆಷ್ಟು ಎಂದು ಕೇಳಿ ಬರೆದು ತರುತ್ತಿತ್ತು. ಸಂಜೆಯ ಭಾಷಣದಲ್ಲಿ ಗಾಂಧೀಜಿ ಆ ಊರಿನದ್ದೇ ಅಂಕಿ ಹಿಡಿದು ಮಾತಾಡುತ್ತಿದ್ದುದರ ಗುಟ್ಟು ಇದು. ಯಾತ್ರೆಯಲ್ಲಿದ್ದವರಂತೂ ಆಶ್ರಮದ ಕಟ್ಟುಪಾಡಿಗೆ ಪಳಗಿದವರು. ಕರ್ನಾಟಕದಿಂದ ಅಲ್ಲಿದ್ದ ಒಬ್ಬರೇ ಒಬ್ಬರು, ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ.

ಹಾಗಾದರೆ ಎಲ್ಲರಿಗೂ ತರಬೇತಿ ಸಿಕ್ಕಿತ್ತೇ? ಇಲ್ಲ. 1930ರ ಏಪ್ರಿಲ್ 13ರಂದು ಅಂಕೋಲೆಯ ಕಡಲ ತೀರದಲ್ಲಿ ಉಪ್ಪಿನ ಕಾಯ್ದೆ ಮುರಿದಾಗ ಸೇರಿದ ಅಷ್ಟೂ ಜನ ಶಿಬಿರಕ್ಕೆ ಹೋಗಿ ಬಂದವರಲ್ಲ. ಪ್ರಭಾತ ಫೇರಿ ಎಂಬ ನಸುಕಿನ ಮೆರವಣಿಗೆಯಲ್ಲಿ ಹಾಡುತ್ತ ಬೀದಿ ಸುತ್ತಿದವರಿಗೆ ಕವಾಯತು ಬೇಕಿರಲಿಲ್ಲ. ನನ್ನ ಲೆಕ್ಕದಲ್ಲಿ, ಗುಂಪಿಗೂ ಪೊಲೀಸರಿಗೂ ನಡುವೆ ನಿಲ್ಲುವ ಕೆಲವರು ಪಳಗಿದ್ದರೆ ಸಾಕಿತ್ತು. ಉಳಿದವರು ಅವರನ್ನು ನೋಡಿ ಕಲಿಯುತ್ತಿದ್ದರು. ಆ ಕೆಲವರೂ ಜೈಲು ಸೇರಿದರೆ ಕಷ್ಟ. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ನಾಯಕರೆಲ್ಲ ಒಂದೇ ಏಟಿಗೆ ಸೆರೆಯಾದ ಮೇಲೆ ಹೋರಾಟ ಭೂಗತವಾಗಿ ಬೇರೆ ದಾರಿ ಹಿಡಿಯಿತು. ಸಾಬರಮತಿಯಲ್ಲಿ ಪಳಗಿದ ಮಹದೇವಪ್ಪನವರೇ ಸರ್ಕಾರಿ ಕಚೇರಿಗಳ ಮೇಲಿನ ದಾಳಿಗಳಲ್ಲಿ ಮುಂದಾಳಾಗಿ, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ತರಬೇತಿಯಿಂದ ಮನುಷ್ಯ ಕೊನೆಯವರೆಗೂ ಒಂದೇ ದಾರಿಯಲ್ಲಿ ನಡೆಯುತ್ತಾನೆ ಎನ್ನುವವರು ಇವರ ಬದುಕನ್ನೊಮ್ಮೆ ನೋಡಬೇಕು.

ಇನ್ನು ಸೇವಾ ದಳದ ಕಥೆ. 1931ರಲ್ಲಿ ಕಾಂಗ್ರೆಸ್ ಅದನ್ನು ತನ್ನ ಅಧಿಕೃತ ಸ್ವಯಂಸೇವಕ ಸಂಘಟನೆ ಮಾಡಿಕೊಂಡಿತು. ಮರುವರ್ಷವೇ ಸರ್ಕಾರ ನಿಷೇಧ ಹೇರಿತು, ಉಮಾಬಾಯಿ ಯರವಡಾ ಜೈಲು ಸೇರಿದರು. ಮುಂದೆ ಕಾಂಗ್ರೆಸ್ ಮೇಲಿನ ನಿಷೇಧ ತೆರವಾದಾಗಲೂ ದಳದ ಮೇಲಿನದು ಹಾಗೇ ಉಳಿಯಿತು.