ನೆಟ್ ಬೇಕು, ಬೇಡ, ಮತ್ತೆ ಬೇಕು: ವಿವಿಯಲ್ಲಿ ಪಾಠ ಮಾಡೋಕೆ ಏನು ಓದಿರಬೇಕು?

ಕೊಡಗು ವಿವಿ ಇರುವ ಚಿಕ್ಕ ಅಳುವಾರದಲ್ಲಿ ಎಂ.ಎ. ಮುಗಿಸಿದ ಯಾರನ್ನೇ ಮಾತಾಡಿಸಿ, ಕೇಳುವ ಪ್ರಶ್ನೆ ಒಂದೇ. ವಿವಿ ಕೆಲಸಕ್ಕೆ ನೆಟ್ (ಉಪನ್ಯಾಸಕರಾಗೋಕೆ ಬರೆಯುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಸಾಕಾ, ಪಿಎಚ್.ಡಿ.ಯೂ ಬೇಕಾ? ಈ ಗೊಂದಲ ಅವರು ಮಾಡಿಕೊಂಡಿದ್ದಲ್ಲ. ನಿಯಮವೇ ಅಷ್ಟು ಸಲ ಬದಲಾಗಿದೆ.

ಒಂದೊಂದು ವಿವಿಯ ಅಂಕ ಒಂದೊಂದು ಥರ, ದೇಶಕ್ಕೆಲ್ಲ ಒಂದೇ ಅಳತೆ ಇರಲಿ ಅಂತ 1989ರಲ್ಲಿ ನೆಟ್ ಶುರುವಾಯಿತು. 1991ರಲ್ಲಿ ವಿವಿಗಳಿಗೆ ನಿಯಮ ಮಾಡುವ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಅದನ್ನು ಕಡ್ಡಾಯ ಮಾಡಿತು. ಇಂಥದ್ದೇ ರಾಜ್ಯಮಟ್ಟದ ಪರೀಕ್ಷೆ ಕೆ-ಸೆಟ್ ಪಾಸಾದರೂ ನಡೆಯುತ್ತದೆ. ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಬೇಕು, ಮೀಸಲಾತಿ ಇರುವವರಿಗೆ ಶೇ 50 ಸಾಕು.

ಸುಲಭ ಅನ್ನಿಸುತ್ತೆ, ಅಲ್ವಾ? ಪಿಎಚ್.ಡಿ.ಗಿಂತ ಚಿಕ್ಕ ಸಂಶೋಧನಾ ಪದವಿ ಎಂ.ಫಿಲ್. ಮಾಡಿದವರ ಕಥೆ ನೋಡಿ. 2006ರಲ್ಲಿ, ಪದವಿ ತರಗತಿಗೆ ಪಾಠ ಮಾಡೋಕೆ ಎಂ.ಫಿಲ್. ಇದ್ದರೆ ನೆಟ್ ಬೇಡ ಅಂದರು. ಅದನ್ನು ನಂಬಿ ಎಷ್ಟೋ ಜನ ಎಂ.ಫಿಲ್.ಗೆ ಸೇರಿದರು. 2009ರಲ್ಲಿ ಆ ವಿನಾಯಿತಿ ಹೋಯಿತು. ಹೊಸ ನಿಯಮದ ಪ್ರಕಾರ ಮಾಡಿದ ಪಿಎಚ್.ಡಿ.ಗೆ ಮಾತ್ರ ವಿನಾಯಿತಿ ಉಳಿಯಿತು, 2015ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. 2022ಕ್ಕೆ ಎಂ.ಫಿಲ್. ಅನ್ನೋ ಕೋರ್ಸೇ ನಿಂತುಹೋಯಿತು. ಓದಿದವರ ಆ ವರ್ಷಗಳಿಗೆ ಯಾರು ಹೊಣೆ?

ಪಿಎಚ್.ಡಿ.ಯದ್ದೂ ಹಾಗೇ ಆಯಿತು. ವಿವಿಯ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ 2021ರ ಜುಲೈಯಿಂದ ಪಿಎಚ್.ಡಿ. ಕಡ್ಡಾಯ ಅಂತ 2018ರಲ್ಲಿ ಬಂತು, 2023ಕ್ಕೆ ಮುಂದೆ ಹೋಯಿತು, ಆ ವರ್ಷ ಬರುತ್ತಿದ್ದಂತೆ ಅದನ್ನೇ ಕೈಬಿಟ್ಟು ನೆಟ್, ಸೆಟ್ ಸಾಕು ಅಂದರು.

ಇಷ್ಟೆಲ್ಲ ಕೇಳ್ತಾರಲ್ಲ, ಪಾಠ ಮಾಡೋಕೆ ಬರುತ್ತಾ ಅಂತ ಎಲ್ಲಿ ನೋಡ್ತಾರೆ? ನೆಟ್‌ನ ಮೊದಲ ಪತ್ರಿಕೆಯಲ್ಲಿ ಬೋಧನೆಯ ಬಗ್ಗೆ ಪ್ರಶ್ನೆಗಳಿವೆ, ಆದರೆ ಎಲ್ಲ ಟಿಕ್ ಮಾಡುವಂಥವು. ಆಮೇಲೆ ಅಂಕ, ಪದವಿ, ಪ್ರಕಟಣೆಗಳ ಲೆಕ್ಕ ಹಾಕಿ ಸಂದರ್ಶನಕ್ಕೆ ಕರೀತಾರೆ. ತರಗತಿಯಲ್ಲಿ ನಿಂತು ಪಾಠ ಮಾಡಿದ ವರ್ಷಗಳು ಇದರಲ್ಲಿ ಹಿಂದೆ ಬೀಳುತ್ತವೆ. 2022ರಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಸಂಬಳ ಏರಿತಲ್ಲ, ಆಗಲೂ 5 ವರ್ಷ ದಾಟಿದವರಲ್ಲಿ ಯುಜಿಸಿ ಅರ್ಹತೆ ಇದ್ದರೆ 32,000, ಇಲ್ಲದಿದ್ದರೆ 28,000 ರೂಪಾಯಿ. ಕೆಲಸ ಮಾತ್ರ ಒಂದೇ.

ನಮ್ಮ ಕೊಡಗು ವಿವಿಗೆ ಇದು ಜಾಸ್ತಿ ತಟ್ಟುತ್ತದೆ. ಮಂಗಳೂರು ವಿವಿಯ ಜ್ಞಾನ ಕಾವೇರಿ ಕೇಂದ್ರವಿದ್ದ ಜಾಗದಲ್ಲೇ 2023ರ ಮಾರ್ಚ್‌ನಲ್ಲಿ ಶುರುವಾದದ್ದು ಅದು. 2025ರಲ್ಲಿ ಸಂಪುಟ ಉಪಸಮಿತಿ ಮುಚ್ಚುವ ಮಾತೆತ್ತಿದ ಒಂಬತ್ತು ವಿವಿಗಳಲ್ಲಿ ಅದೂ ಸೇರಿತು. ಹೀಗಿರುವಾಗ ಖಾಯಂ ಹುದ್ದೆಗೆ ಯಾವಾಗ ಕರೀತಾರೆ, ಆಗ ಯಾವ ನಿಯಮ ಇರುತ್ತದೆ ಅಂತ ಯಾರನ್ನು ಕೇಳೋದು? ನನ್ನ ಮಟ್ಟಿಗೆ ನ್ಯಾಯ ಇಷ್ಟೇ: ಕೋರ್ಸಿಗೆ ಸೇರಿದ ದಿನ ಯಾವ ನಿಯಮ ಇತ್ತೋ ಅದೇ ಅವರಿಗೆ ಕೊನೆತನಕ ಇರಬೇಕು.

ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ಹಳೆ ಪಿಎಚ್.ಡಿ.ಗೂ ಆಮೇಲೆ ಷರತ್ತಿನ ಮೇಲೆ ವಿನಾಯಿತಿ ಕೊಟ್ಟಿದ್ದಾರೆ. 2009ರ ಜುಲೈ 11ಕ್ಕೂ ಮೊದಲು ಪಿಎಚ್.ಡಿ.ಗೆ ನೋಂದಾಯಿಸಿದವರು ನೆಟ್ ಇಲ್ಲದೆ ಅರ್ಜಿ ಹಾಕಬೇಕಾದರೆ ರಿಜಿಸ್ಟ್ರಾರ್ ಅಥವಾ ಡೀನ್ ಸಹಿಯ ಪ್ರಮಾಣಪತ್ರ ಬೇಕು. ರೆಗ್ಯುಲರ್ ಆಗಿ ಮಾಡಿದ್ದು, ಇಬ್ಬರು ಹೊರಗಿನ ಪರೀಕ್ಷಕರು, ಬಹಿರಂಗ ವೈವಾ, ಎರಡು ಪ್ರಕಟಿತ ಲೇಖನ, ಸಮ್ಮೇಳನದಲ್ಲಿ ಎರಡು ಪ್ರಬಂಧ, ಇಷ್ಟೂ ಅದರಲ್ಲಿ ಇರಬೇಕು. ಈಗಲೇ ಮಾಡಿಸಿಟ್ಟುಕೊಳ್ಳಿ. ಅರ್ಜಿ ಕರೆದ ಮೇಲೆ ಸಂಪಾಜೆ ಘಾಟಿ ಇಳಿದು ಮಂಗಳೂರು ವಿವಿ ಇರುವ ಕೊಣಾಜೆಗೆ ಓಡಾಡೋಕೆ ಟೈಮ್ ಸಿಗಲ್ಲ.