ಆ ದನಿ ಯಾರದು, ಏನು ಹೇಳುತ್ತದೆ?

ಯಾರೂ ಇಲ್ಲದ ಕೋಣೆಯಲ್ಲಿ ಯಾರೋ ತನ್ನ ಹೆಸರು ಹಿಡಿದು ಬೈಯುತ್ತಿದ್ದಾರೆ ಎಂದು ಹೇಳಿಕೊಂಡವರಿಗೆ ಮನೆಯಲ್ಲಿ ಮೊದಲು ಸಿಗುವ ಉತ್ತರ ‘ಅದೆಲ್ಲ ನಿನ್ನ ಭ್ರಮೆ, ತಲೆಗೆ ಹಚ್ಚಿಕೊಳ್ಳಬೇಡ’ ಎಂಬುದು. ಮನೋವೈದ್ಯಶಾಸ್ತ್ರವೂ ಬಹುಕಾಲ ಹೆಚ್ಚುಕಡಿಮೆ ಇದನ್ನೇ ಹೇಳಿತು. ದನಿ ಕೇಳುತ್ತದೆಯೇ ಎಂದು ವಿಚಾರಿಸಿ ಬರೆದುಕೊಳ್ಳುತ್ತಿದ್ದ ವೈದ್ಯರು, ಅದು ಯಾರ ದನಿ, ಏನು ಹೇಳುತ್ತದೆ ಎಂಬುದನ್ನು ಚಿಕಿತ್ಸೆಯ ಭಾಗವಾಗಿಯೇ ಕೇಳತೊಡಗಿದ್ದು ಈಚಿನ ಕೆಲವು ದಶಕಗಳಲ್ಲಿ.

ಹೊರಗೆ ಏನೂ ಇಲ್ಲದೆಯೇ ಇಂದ್ರಿಯಕ್ಕೆ ಆಗುವ ಅನುಭವವನ್ನು 19ನೇ ಶತಮಾನದ ಮೊದಲರ್ಧದಲ್ಲಿ ಫ್ರಾನ್ಸಿನ ಮನೋವೈದ್ಯ ಎಸ್ಕಿರೋಲ್ ಭ್ರಾಂತಿಯೆಂದು ವ್ಯಾಖ್ಯಾನಿಸಿದರು. ಮುಂದಿನ ಶತಮಾನದಲ್ಲಿ ಜರ್ಮನಿಯ ಮನೋವೈದ್ಯ ಕುರ್ಟ್ ಶ್ನೈಡರ್, ತನ್ನ ಬಗ್ಗೆ ಇಬ್ಬರು ವಾದಿಸುವಂತೆ, ಮಾಡುವ ಕೆಲಸವನ್ನೆಲ್ಲ ಯಾರೋ ವರದಿ ಮಾಡುವಂತೆ, ತನ್ನ ಯೋಚನೆಯೇ ಗಟ್ಟಿಯಾಗಿ ಕೇಳಿಸುವಂತೆ ಬರುವ ದನಿಗಳನ್ನು, ವಾಸ್ತವದ ಅರಿವು ಕದಡುವ ತೀವ್ರ ಮನೋರೋಗವಾದ ಸ್ಕಿಜೋಫ್ರೇನಿಯಾದ ಪ್ರಮುಖ ಗುರುತುಗಳೆಂದರು. ರೋಗನಿರ್ಣಯಕ್ಕೆ ಇದರಿಂದ ಅನುಕೂಲವಾಯಿತು, ಆದರೆ ದನಿ ಬರುವ ರೀತಿಯ ಮೇಲೆಯೇ ಕಣ್ಣಿಟ್ಟು ಅದರ ಮಾತನ್ನು ಬದಿಗಿಡುವ ಅಭ್ಯಾಸವೂ ಬೆಳೆಯಿತು.

ಆ ಮಾತು ಎಲ್ಲಿಂದ ಬರುತ್ತದೆ? 1940ರ ದಶಕದ ಕೊನೆಯಲ್ಲಿ ಲೂಯಿ ಗೌಲ್ಡ್ ಎಂಬ ವೈದ್ಯರು, ದನಿ ಕೇಳುತ್ತಿದ್ದ ಮಹಿಳೆಯೊಬ್ಬರ ಗಂಟಲಿನಿಂದ ಹೊರಡುತ್ತಿದ್ದ, ಬರಿಗಿವಿಗೆ ನಿಲುಕದ ಪಿಸುಮಾತನ್ನು ಯಂತ್ರದಿಂದ ದೊಡ್ಡದು ಮಾಡಿ ಆಲಿಸಿದಾಗ, ಆಕೆ ‘ಅವರು ಹೀಗೆನ್ನುತ್ತಿದ್ದಾರೆ’ ಎಂದು ಹೇಳುತ್ತಿದ್ದುದಕ್ಕೂ ಆ ಪಿಸುಮಾತಿಗೂ ಹೊಂದಿಕೆ ಕಂಡಿತು. ನಮ್ಮೊಳಗೆ ನಾವೇ ಆಡಿಕೊಳ್ಳುವ ಮಾತನ್ನು ನಮ್ಮದೆಂದು ಗುರುತಿಸುವ ಮೆದುಳಿನ ಏರ್ಪಾಡು ತಪ್ಪಿದಾಗ ಅದು ಪರರ ಮಾತಾಗಿ ಕೇಳಿಸುತ್ತದೆ ಎಂಬ ವಿವರಣೆ ಬಂದದ್ದು ಇದೇ ಜಾಡಿನಲ್ಲಿ. ಎಲ್ಲ ದನಿಗಳಿಗೂ ಇದೊಂದೇ ವಿವರಣೆ ಸಾಲದು.

1952ರಲ್ಲಿ ಪ್ಯಾರಿಸ್ಸಿನ ಮನೋವೈದ್ಯರಾದ ಡಿಲೇ ಮತ್ತು ಡೆನಿಕರ್ ಕ್ಲೋರ್‌ಪ್ರೊಮಜೀನ್ ಎಂಬ ಔಷಧದ ಬಳಕೆಯನ್ನು ವರದಿ ಮಾಡಿದ ಮೇಲೆ ಮಾತ್ರೆಗಳ ಕಾಲ ಬಂತು. ಮೆದುಳಿನಲ್ಲಿ ಸಂದೇಶ ಸಾಗಿಸುವ ಡೋಪಮೈನ್ ಎಂಬ ರಾಸಾಯನಿಕದ ಪ್ರಭಾವವನ್ನು ತಗ್ಗಿಸುವ ಈ ಔಷಧಗಳಿಂದ ಬಹಳ ಜನರಿಗೆ ದನಿ ಅಡಗಿದೆ ಇಲ್ಲವೇ ದೂರ ಸರಿದಿದೆ. ಹಾಗಾಗಿ ತಾವಾಗಿಯೇ ಮಾತ್ರೆ ನಿಲ್ಲಿಸುವುದು ಅಪಾಯ. ಸಾಯಲು ಅಥವಾ ಸಾಯಿಸಲು ಆಜ್ಞಾಪಿಸುವ ದನಿಯಿದ್ದರೆ ತಡಮಾಡದೆ ವೈದ್ಯರನ್ನು ಕಾಣಲೇಬೇಕು. ಆದರೂ ಮಾತ್ರೆಗೆ ಜಗ್ಗದ ದನಿಗಳು ಉಳಿದವು.

ಅಂಥ ದನಿಗಳಿಂದ ನೊಂದಿದ್ದ ಮಹಿಳೆಯೊಬ್ಬರ ಒತ್ತಾಯವೇ ನೆದರ್‌ಲ್ಯಾಂಡ್ಸಿನ ಮನೋವೈದ್ಯ ಮಾರಿಯಸ್ ರೋಮ್ ಅವರನ್ನು ಬೇರೆ ದಾರಿಗೆ ತಂದಿತು. 1987ರಲ್ಲಿ ಇಬ್ಬರೂ ದೂರದರ್ಶನದಲ್ಲಿ ಮಾತನಾಡಿದಾಗ ನೂರಾರು ಜನ ಕರೆಮಾಡಿದರು. ಅವರಲ್ಲಿ ಎಂದೂ ಮನೋವೈದ್ಯರನ್ನು ಕಾಣದೆ ದನಿಯೊಂದಿಗೆ ಬಾಳುತ್ತಿದ್ದವರೂ ಇದ್ದರು. ಸಂಕಟವನ್ನು ನಿರ್ಧರಿಸುವುದರಲ್ಲಿ ದನಿಗೂ ಕೇಳುವವರಿಗೂ ಇರುವ ಸಂಬಂಧದ ಪಾಲು ದೊಡ್ಡದು ಎಂಬುದನ್ನು ರೋಮ್ ಗಂಭೀರವಾಗಿ ತೆಗೆದುಕೊಂಡರು.

ಲಂಡನ್ನಿನ ಮನೋವೈದ್ಯ ಜೂಲಿಯನ್ ಲೆಫ್ ರೂಪಿಸಿದ ‘ಅವತಾರ್’ ಚಿಕಿತ್ಸೆ ಇದನ್ನು ಇನ್ನೂ ಮುಂದೆ ಒಯ್ದಿತು. ರೋಗಿ ತನ್ನನ್ನು ಕಾಡುವ ದನಿಗೆ ಕಂಪ್ಯೂಟರಿನಲ್ಲಿ ಮುಖವನ್ನೂ ಸ್ವರವನ್ನೂ ಹೊಂದಿಸುತ್ತಾರೆ. ಪಕ್ಕದ ಕೋಣೆಯಲ್ಲಿ ಕುಳಿತ ಚಿಕಿತ್ಸಕರು ಒಮ್ಮೆ ಆ ಮುಖವಾಗಿ ಬೈದು, ಮರುಗಳಿಗೆ ತಮ್ಮದೇ ದನಿಯಲ್ಲಿ ‘ತಿರುಗಿ ಹೇಳಿ’ ಎಂದು ಧೈರ್ಯ ತುಂಬುತ್ತಾರೆ. ವಾರಗಳು ಉರುಳಿದಂತೆ ಪರದೆಯ ಮುಖ ಸೋಲುತ್ತ ಬರುತ್ತದೆ. 150 ಜನರ ಪ್ರಯೋಗದಲ್ಲಿ 12 ವಾರಗಳಿಗೆ ಇದು ಸಾಂತ್ವನದ ಆಪ್ತಸಮಾಲೋಚನೆಗಿಂತ ಹೆಚ್ಚು ಫಲ ಕೊಟ್ಟಿತು. 24 ವಾರಗಳ ಹೊತ್ತಿಗೆ ಆ ಅಂತರ ಉಳಿಯಲಿಲ್ಲ.

ನಮಗೆ ಹತ್ತಿರದ ಸಂಗತಿ ಚೆನ್ನೈಯದು. ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್‌ಮನ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯ, ಘಾನಾದ ಅಕ್ರಾ ಮತ್ತು ಚೆನ್ನೈಗಳಲ್ಲಿ ತಲಾ 20 ಜನರನ್ನು ಮಾತನಾಡಿಸಿದಾಗ, ಅಮೆರಿಕದವರು ಹೆಚ್ಚಾಗಿ ಹಿಂಸೆಯ ಆಜ್ಞೆಗಳನ್ನು ಹೇಳಿದರೆ, ಚೆನ್ನೈಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೇಳಿಸುತ್ತಿದ್ದುದು ಬಂಧುಗಳ ದನಿ: ಗದರುವುದು, ಬುದ್ಧಿ ಹೇಳುವುದು, ಮನೆಗೆಲಸ ಹಚ್ಚುವುದು. 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಯೋಜನೆ ಮಾತ್ರೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೆ ಮುಟ್ಟಿಸಿತು. ಆದರೆ ಗದರುತ್ತಿರುವುದು ತೀರಿಹೋದ ಅತ್ತೆಯೋ, ಬಾಲ್ಯದಲ್ಲಿ ಹೊಡೆದವರೋ ಎಂದು ಕೇಳಿ ತಿಳಿಯಲು ಬೇಕಾದ ಅರ್ಧ ಗಂಟೆ ನಮ್ಮ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತವರಿಗೆ ಇನ್ನೂ ಸುಲಭವಾಗಿ ಸಿಗುತ್ತಿಲ್ಲ.