ಅಟ್ರಿಬ್ಯೂಷನ್ ಅಂದ್ರೇನು? ಕ್ಲೈಮೇಟ್ ಚೇಂಜ್ ಪ್ರಾಜೆಕ್ಟ್ ಮಾಡ್ತಿರೋರಿಗೆ

ಕ್ಲೈಮೇಟ್ ಚೇಂಜ್ ಮೇಲೆ ಕಾಲೇಜ್ ಹುಡುಗ್ರು ಮಾಡೋ ಪ್ರಾಜೆಕ್ಟ್ ರಿಪೋರ್ಟ್ ತೆಗೆದು ನೋಡಿದ್ರೆ ಹೆಚ್ಚುಕಮ್ಮಿ ಎಲ್ಲದ್ರಲ್ಲೂ ಎರಡು ಚಾಪ್ಟರ್ ಇರುತ್ತೆ, ಒಂದು ಕಾರಣಗಳು, ಇನ್ನೊಂದು ಸಾಕ್ಷಿಗಳು. ಕಾರಣದಲ್ಲಿ ಕಲ್ಲಿದ್ದಲು, ಪೆಟ್ರೋಲ್, ಕಾಡು ಕಡಿಯೋದು, ಸಿಮೆಂಟ್ ಫ್ಯಾಕ್ಟರಿ ಅಂತ ಬರೆದಿರ್ತಾರೆ, ಸಾಕ್ಷಿಯಲ್ಲಿ ಹಿಮ ಕರಗ್ತಿದೆ, ಸಮುದ್ರ ಏರ್ತಿದೆ, ಬೇಸಿಗೆ ಜಾಸ್ತಿ ಆಗ್ತಿದೆ ಅಂತ. ಎಲ್ಲಾ ಸರಿನೇ. ಆದ್ರೆ ವೈವಾದಲ್ಲಿ ಯಾರಾದ್ರೂ "ಈ ಹಿಮ ಕರಗಿದ್ದು ಆ ಕಲ್ಲಿದ್ದಲಿಂದಾನೇ ಅಂತ ಹೇಗೆ ಹೇಳ್ತೀರಾ, ಸೂರ್ಯನಿಂದ ಯಾಕಿರಬಾರ್ದು" ಅಂತ ಕೇಳಿದ್ರೆ ಆ ರಿಪೋರ್ಟಲ್ಲಿ ಉತ್ತರ ಇರಲ್ಲ. ಈ ಪ್ರಶ್ನೆಗೆ ಉತ್ತರ ಹುಡುಕೋ ಕೆಲಸಕ್ಕೇ ಅಟ್ರಿಬ್ಯೂಷನ್ ಅಂತಾರೆ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಅತೀ ಮುಖ್ಯವಾದ ಪದ ಇದೇ, ಪಠ್ಯಪುಸ್ತಕದಲ್ಲಿ ಇದಕ್ಕೆ ಸಿಗೋ ಜಾಗ ಮಾತ್ರ ತುಂಬಾ ಕಮ್ಮಿ.

ಜ್ವರ ಬಂದಿದೆ ಅಂತ ಥರ್ಮಾಮೀಟರ್ ಹೇಳುತ್ತೆ, ಅದು ಡೆಂಗೀನಾ ಟೈಫಾಯ್ಡಾ ಅಂತ ಗೊತ್ತಾಗೋಕೆ ಬ್ಲಡ್ ಟೆಸ್ಟೇ ಮಾಡಿಸಬೇಕು. ಇಲ್ಲೂ ಹಾಗೇ ಎರಡು ಹೆಜ್ಜೆ. ಮೊದಲನೇದು ಡಿಟೆಕ್ಷನ್, ಅಂದ್ರೆ ಹವಾಮಾನ ತನ್ನಷ್ಟಕ್ಕೆ ಏರೋದು ಇಳಿಯೋದು ಯಾವಾಗಲೂ ಇದ್ದಿದ್ದೇ, ಪೆಸಿಫಿಕ್ ಸಮುದ್ರ ಬಿಸಿಯಾಗೋ ಎಲ್ ನಿನೋ ವರ್ಷ ಒಂಥರಾ, ಅದು ತಂಪಾಗೋ ಲಾ ನಿನಾ ವರ್ಷ ಇನ್ನೊಂಥರಾ, ಆ ಏರಿಳಿತವನ್ನೂ ಮೀರಿ ಏನೋ ಬದಲಾಗಿದೆ ಅಂತ ತೋರಿಸೋದು. ಎರಡನೇದು ಅಟ್ರಿಬ್ಯೂಷನ್, ಬದಲಾವಣೆಗೆ ಯಾವ ಕಾರಣದ ಪಾಲು ಎಷ್ಟು ಅಂತ ಲೆಕ್ಕ ಹಾಕೋದು. ಮನುಷ್ಯನೇ ಕಾರಣ ಅನ್ನೋದನ್ನ ವಿಜ್ಞಾನಿಗಳು ಅವಸರದಲ್ಲಿ ಹೇಳಿಲ್ಲ. ಹವಾಮಾನ ಬದಲಾವಣೆಯ ಅಧ್ಯಯನಗಳನ್ನ ಪರಿಶೀಲಿಸಿ ವರದಿ ಕೊಡೋ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿ, 1990ರ ಮೊದಲ ವರದಿಯಲ್ಲಿ ಈ ಏರಿಕೆ ಸಹಜ ಏರಿಳಿತನೂ ಇರಬಹುದು ಅಂತಾನೇ ಬರೆದಿತ್ತು, 1995ರ ವರದಿಯಲ್ಲಿ ಮನುಷ್ಯನ ಪ್ರಭಾವ ಕಾಣ್ತಿದೆ ಅನ್ನೋ ಕಡೆಗೆ ಸಾಕ್ಷಿ ವಾಲ್ತಿದೆ ಅಂತು, 2021ರಲ್ಲಿ ಮನುಷ್ಯನಿಂದಲೇ ಭೂಮಿ ಬಿಸಿಯಾಗಿದೆ, ಇದರಲ್ಲಿ ಅನುಮಾನವೇ ಇಲ್ಲ ಅಂತ ಬರೀತು. ಒಂದು ವಾಕ್ಯ ಗಟ್ಟಿಯಾಗೋಕೆ ಮೂವತ್ತು ವರ್ಷ ಹಿಡೀತು.

ಈಗ ಪತ್ತೆ ಹೇಗೆ ಮಾಡ್ತಾರೆ ಅನ್ನೋದಕ್ಕೆ ಬರೋಣ. ಇದರಲ್ಲಿ ಫಿಂಗರ್‌ಪ್ರಿಂಟ್ ಅನ್ನೋ ಮಾತು ಬರುತ್ತೆ, ಜರ್ಮನಿಯ ಕ್ಲಾಸ್ ಹ್ಯಾಸೆಲ್‌ಮನ್ ಈ ವಿಧಾನಕ್ಕೆ ಗಣಿತದ ತಳಪಾಯ ಹಾಕಿದ್ರು, 2021ರ ಫಿಸಿಕ್ಸ್ ನೊಬೆಲ್‌ನಲ್ಲಿ ಅವರಿಗೂ ಪಾಲು ಬಂತು. ವಿಷಯ ಏನಂದ್ರೆ ಒಂದೊಂದು ಕಾರಣನೂ ಭೂಮಿನ ಬಿಸಿ ಮಾಡೋ ರೀತಿ ಬೇರೆ ಬೇರೆ, ಎಲ್ಲಿ ಎಷ್ಟು ಬಿಸಿ ಆಗುತ್ತೆ ಅನ್ನೋ ನಕ್ಷೆ ಬೇರೆ ಬೇರೆ. ಸೂರ್ಯನ ಶಾಖ ಜಾಸ್ತಿ ಆಗಿದ್ರೆ ನೆಲದ ಹತ್ರದ ಗಾಳಿನೂ ಬಿಸಿ ಆಗಬೇಕು, ಮೇಲೆ ಇರೋ ಸ್ಟ್ರಾಟೋಸ್ಫಿಯರ್ ಅನ್ನೋ ವಾತಾವರಣದ ಪದರ ಕೂಡ ಬಿಸಿ ಆಗಬೇಕು, ಯಾಕಂದ್ರೆ ಬಿಸಿಲು ಮೇಲಿಂದಾನೇ ತಾನೇ ಬರೋದು. ಕಾರ್ಬನ್ ಡೈಆಕ್ಸೈಡ್ ಹೆಚ್ಚಿದ್ರೆ ಹಾಗಾಗಲ್ಲ, ಕೆಳಗೆ ಬಿಸಿ, ಮೇಲೆ ತಂಪು. ಇದನ್ನ ಸ್ಯುಕುರೊ ಮನಾಬೆ ಮತ್ತೆ ವೆದರಾಲ್ಡ್ ಅನ್ನೋ ವಿಜ್ಞಾನಿಗಳು 1967ರಲ್ಲೇ ಕಂಪ್ಯೂಟರ್ ಮಾಡೆಲ್ ಇಟ್ಕೊಂಡು ಲೆಕ್ಕ ಹಾಕಿ ಹೇಳಿದ್ರು, ಆಮೇಲೆ ಸ್ಯಾಟಲೈಟ್‌ಗಳು ಅಳೆದಾಗ ಕಂಡಿದ್ದೂ ಅದೇ. ಓಝೋನ್ ಕಮ್ಮಿ ಆಗಿದ್ದೂ ಸ್ಟ್ರಾಟೋಸ್ಫಿಯರ್ ತಂಪಾಗೋಕೆ ಸೇರ್ಕೊಂಡಿದೆ, ಅದನ್ನ ಪ್ರಾಜೆಕ್ಟಲ್ಲಿ ಬಿಡಬೇಡಿ, ಆದ್ರೆ ತುಂಬಾ ಎತ್ತರದ ಪದರಗಳು ತಂಪಾಗಿರೋದರಲ್ಲಿ ಕಾರ್ಬನ್ ಡೈಆಕ್ಸೈಡ್ ಪಾಲೇ ದೊಡ್ಡದು. ಸೂರ್ಯನನ್ನ ನೇರವಾಗೂ ಅಳೀತಿದ್ದಾರೆ, 1978ರಿಂದ ಸ್ಯಾಟಲೈಟ್ ದಾಖಲೆ ಇದೆ, ಸುಮಾರು 11 ವರ್ಷಕ್ಕೊಂದು ಸಲ ಏರಿ ಇಳಿಯುತ್ತೆ ಅಷ್ಟೇ, ಬಿಸಿ ಏರಿದ ಹಾಗೆ ಅದು ಏರಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದ ಸಾಕ್ಷಿ ಕಾರ್ಬನ್ನಿಂದು. ಹವಾಯಿಯ ಮೌನಾ ಲೋವಾದಲ್ಲಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಅಳೆಯೋಕೆ ಶುರು ಮಾಡಿದಾಗ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 315 ಪಿಪಿಎಂ (ಅಂದ್ರೆ ಗಾಳಿಯ ಹತ್ತು ಲಕ್ಷ ಕಣದಲ್ಲಿ 315) ಇತ್ತು, ಈಗ 420 ದಾಟಿದೆ. ಆ ಗ್ರಾಫ್‌ನ ಒಂದ್ಸಲ ದೊಡ್ಡದು ಮಾಡಿ ನೋಡಿ, ನೆಟ್ಟಗೆ ಏರೋ ಗೆರೆ ಅಲ್ಲ ಅದು, ಗರಗಸದ ಹಲ್ಲಿನ ಥರ ಇದೆ, ಪ್ರತಿ ವರ್ಷ ಮೇ ತಿಂಗಳಲ್ಲಿ ತುದಿ ಮುಟ್ಟಿ ಸೆಪ್ಟೆಂಬರ್ ಹೊತ್ತಿಗೆ ಇಳಿಯುತ್ತೆ, ಯಾಕಂದ್ರೆ ಉತ್ತರಾರ್ಧಗೋಳದ ಗಿಡಮರ ಎಲ್ಲಾ ಬೇಸಿಗೆಯಲ್ಲಿ ಚಿಗುರಿ ಅದನ್ನ ಎಳ್ಕೊಳ್ಳುತ್ತೆ, ಚಳಿಗಾಲಕ್ಕೆ ಎಲೆ ಉದುರಿ ಕೊಳೆತು ಮತ್ತೆ ಬಿಡುತ್ತೆ. ಪ್ರತಿ ಹಲ್ಲೂ ಹಿಂದಿನದಕ್ಕಿಂತ ಸ್ವಲ್ಪ ಮೇಲೆ. ಅಂಟಾರ್ಕ್ಟಿಕಾದ ಹಿಮದೊಳಗೆ ಸಿಕ್ಕಿಬಿದ್ದ ಗುಳ್ಳೆಗಳಲ್ಲಿ 8 ಲಕ್ಷ ವರ್ಷದ ಹಳೇ ಗಾಳಿ ಇದೆ, ಅಷ್ಟೂ ಕಾಲ ಕಾರ್ಬನ್ ಡೈಆಕ್ಸೈಡ್ ಹೆಚ್ಚುಕಮ್ಮಿ 180ರಿಂದ 300 ಪಿಪಿಎಂ ಒಳಗೇ ಓಡಾಡಿದೆ.

ಹೆಚ್ಚಾಗಿರೋ ಕಾರ್ಬನ್ ಜ್ವಾಲಾಮುಖಿದಲ್ಲ, ನಾವು ಸುಟ್ಟಿದ್ದು ಅಂತ ಹೇಗೆ ಗೊತ್ತು? ಕಾರ್ಬನ್ನಲ್ಲಿ 12, 13, 14 ಅಂತ ಮೂರು ಐಸೋಟೋಪ್, ಅಂದ್ರೆ ತೂಕ ಮಾತ್ರ ಬೇರೆ ಇರೋ ಕಾರ್ಬನ್ ಪರಮಾಣುಗಳು. ಗಿಡಗಳು ಹಗುರವಾದ 12ನ್ನೇ ಜಾಸ್ತಿ ಎಳ್ಕೊಳ್ತವೆ, ಕಲ್ಲಿದ್ದಲು ಮತ್ತೆ ಪೆಟ್ರೋಲ್ ಹಳೇ ಜೀವಿಗಳಿಂದಾನೇ ಆಗಿದ್ದು, ಹಾಗಾಗಿ ಅದನ್ನ ಸುಟ್ಟರೆ ಗಾಳಿಯಲ್ಲಿ 13ರ ಪಾಲು ಕಮ್ಮಿ ಆಗಬೇಕು. ಆಗ್ತಾ ಇದೆ. ಕಾರ್ಬನ್-14ರ ಅರ್ಧಾಯುಷ್ಯ ಸುಮಾರು 5,730 ವರ್ಷ, ಅಂದ್ರೆ ಅಷ್ಟರಲ್ಲಿ ಅದರ ಅರ್ಧ ನಶಿಸಿಹೋಗುತ್ತೆ, ಕೋಟ್ಯಂತರ ವರ್ಷ ನೆಲದೊಳಗಿದ್ದ ಕಲ್ಲಿದ್ದಲಲ್ಲಿ ಅದು ಉಳಿದೇ ಇರಲ್ಲ, ಅದರ ಹೊಗೆ ಸೇರಿದಷ್ಟೂ ಗಾಳಿಯ 14ರ ಪಾಲು ತೆಳುವಾಗುತ್ತೆ. ಇದನ್ನ ಹಾನ್ಸ್ ಸ್ಯೂಸ್ 1955ರಲ್ಲೇ ಮರದ ಉಂಗುರಗಳಲ್ಲಿ ಗುರುತಿಸಿದ್ರು (ನೀವು 14ರ ಗ್ರಾಫ್ ಹುಡುಕಿದ್ರೆ 1960ರ ಆಸುಪಾಸಲ್ಲಿ ಒಂದು ದೊಡ್ಡ ಗೋಪುರ ಕಾಣುತ್ತೆ, ಅದು ಅಣುಬಾಂಬ್ ಪರೀಕ್ಷೆಗಳದ್ದು, ಗಾಬರಿ ಬೀಳಬೇಡಿ). ಜೊತೆಗೆ ಗಾಳಿಯ ಆಕ್ಸಿಜನ್ ಕೂಡ ಚೂರುಚೂರೇ ಇಳೀತಿದೆ, ಏನಾದ್ರೂ ಸುಟ್ಟರೆ ತಾನೇ ಆಕ್ಸಿಜನ್ ಖರ್ಚಾಗೋದು. ಸಮುದ್ರದಿಂದ ಬಂದಿದ್ದು ಅನ್ನೋ ಹಾಗೂ ಇಲ್ಲ, ಸಮುದ್ರವೇ ನಾವು ಬಿಟ್ಟಿದ್ದರಲ್ಲಿ ಸುಮಾರು ಕಾಲು ಭಾಗ ನುಂಗಿ ಆಮ್ಲೀಯ ಆಗ್ತಿದೆ.

ಇಷ್ಟೆಲ್ಲಾ ಸೇರಿಸಿ ಮಾಡೆಲ್‌ನ ಎರಡು ಥರ ಓಡಿಸ್ತಾರೆ, ಬರೀ ಸೂರ್ಯ ಜ್ವಾಲಾಮುಖಿ ಮಾತ್ರ ಹಾಕಿ ಒಂದ್ಸಲ, ಮನುಷ್ಯನ ಹೊಗೆನೂ ಹಾಕಿ ಇನ್ನೊಂದ್ಸಲ. ಮೊದಲನೇದು ನಿಜವಾದ ತಾಪಮಾನಕ್ಕೆ ಹೊಂದಲ್ಲ. ಐಪಿಸಿಸಿಯ ಆರನೇ ವರದಿ ಪ್ರಕಾರ 1850–1900ಕ್ಕೆ ಹೋಲಿಸಿದ್ರೆ 2010–2019ರ ಹೊತ್ತಿಗೆ ಮನುಷ್ಯನಿಂದ ಆದ ಏರಿಕೆ ಸುಮಾರು 1.07 ಡಿಗ್ರಿ, ಸೂರ್ಯ ಮತ್ತೆ ಜ್ವಾಲಾಮುಖಿ ಪಾಲು ಮೈನಸ್ 0.1ರಿಂದ ಪ್ಲಸ್ 0.1 ಒಳಗೆ. ನಿಮ್ಮ ರಿಪೋರ್ಟಲ್ಲಿ ಒಂದೇ ಒಂದು ಅಂಕಿ ಹಾಕೋಕೆ ಜಾಗ ಇದ್ರೆ ಈ ಜೋಡಿನ ಹಾಕಿ.

ಇನ್ನು ನಮ್ಮ ಬೆಂಗಳೂರಿಗೆ ಬಂದ್ರೆ ಇಲ್ಲಿ ತುಂಬಾ ಹುಷಾರಾಗಿರಬೇಕು. 2016ರ ಏಪ್ರಿಲ್‌ನಲ್ಲಿ ಊರಲ್ಲಿ 39.2 ಡಿಗ್ರಿ ಮುಟ್ಟಿತ್ತು, ಅದನ್ನ ನೇರವಾಗಿ ಗ್ಲೋಬಲ್ ವಾರ್ಮಿಂಗ್‌ಗೆ ಸಾಕ್ಷಿ ಅಂತ ಬರೆದುಬಿಡ್ತಾರೆ. ಬೇಸಿಗೆಯಲ್ಲಿ ರಾತ್ರಿ ಹತ್ತು ಗಂಟೆಗೆ ಟೆರೇಸ್ ಹತ್ತಿ ಕಾಂಕ್ರೀಟ್ ಮೇಲೆ ಅಂಗೈ ಇಟ್ಟು ನೋಡಿ, ಇನ್ನೂ ಬೆಚ್ಚಗಿರುತ್ತೆ, ಗೋಡೆನೂ ಬೆಚ್ಚಗೆ, ಎದುರು ಬಿಲ್ಡಿಂಗ್‌ನ ಏಸಿ ಬಿಸಿಗಾಳಿ ಬೇರೆ. ಅದೇ ಹೊತ್ತಲ್ಲಿ ಮರಗಿಡ ಇರೋ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕ್ಯಾಂಪಸ್ ಕಡೆ ಗಾಡೀಲಿ ಹೋದ್ರೆ ತಣ್ಣಗೆ ಅನ್ಸುತ್ತೆ. ಇದು ಅರ್ಬನ್ ಹೀಟ್ ಐಲ್ಯಾಂಡ್, ಕೆರೆ ಮುಚ್ಚಿ ಮರ ಕಡಿದು ಕಾಂಕ್ರೀಟ್ ಹಾಕಿದ್ದರ ಫಲ, ಗ್ಲೋಬಲ್ ವಾರ್ಮಿಂಗ್ ಜೊತೆ ಸೇರ್ಕೊಂಡು ನಮ್ಮನ್ನ ಸುಡ್ತಿದೆ, ಆದ್ರೆ ಎರಡರ ಲೆಕ್ಕ ಬೇರೆ. ಹಾಗಾದ್ರೆ ಇಡೀ ಗ್ಲೋಬಲ್ ವಾರ್ಮಿಂಗೇ ಸಿಟಿಗಳ ಬಿಸಿ ಇರಬಹುದಾ ಅಂತ ಕೇಳಿದ್ರೆ, ಇಲ್ಲ, ಹೆಚ್ಚುವರಿ ಶಾಖದಲ್ಲಿ ಸುಮಾರು 90 ಪರ್ಸೆಂಟ್ ಹೋಗಿರೋದು ಸಮುದ್ರಕ್ಕೆ, ಅಲ್ಲಿ ಯಾವ ಊರೂ ಇಲ್ಲ, ಆರ್ಗೋ ಅನ್ನೋ ತೇಲುಯಂತ್ರಗಳು 2,000 ಮೀಟರ್ ಆಳದವರೆಗೂ ಮುಳುಗಿ ಅಳ್ಕೊಂಡು ಬರ್ತಿವೆ.

2022ರ ಸೆಪ್ಟೆಂಬರ್ ನೆರೆನೂ ಇದೇ ಕಥೆ. ಔಟರ್ ರಿಂಗ್ ರೋಡ್ ಮುಳುಗಿ ಆಫೀಸ್‌ಗೆ ಜನ ಟ್ರ್ಯಾಕ್ಟರ್‌ನಲ್ಲಿ ಹೋದ್ರಲ್ಲ, ಅವತ್ತು. ಗಾಳಿ 1 ಡಿಗ್ರಿ ಬಿಸಿಯಾದ್ರೆ ಸುಮಾರು 7 ಪರ್ಸೆಂಟ್ ಹೆಚ್ಚು ನೀರಾವಿ ಹಿಡಿಯಬಲ್ಲದು, ಹಾಗಾಗಿ ಒಂದೇ ಸಲ ಸುರಿಯೋ ಮಳೆ ಜೋರಾಗೋದು ನಿಜ. ಆದ್ರೆ ಸುರಿದ ಮಳೆ ಮನೆಯೊಳಗೆ ನುಗ್ಗೋದಕ್ಕೆ ರಾಜಕಾಲುವೆ ಒತ್ತುವರಿ, ಬೆಳ್ಳಂದೂರು ವರ್ತೂರು ಕಡೆಯ ತಗ್ಗಿನಲ್ಲಿ ಕಟ್ಟಿದ ಲೇಔಟ್‌ಗಳೂ ಕಾರಣ. ಮಳೆಗೊಂದು ಅಟ್ರಿಬ್ಯೂಷನ್, ಮುಳುಗಿದ್ದಕ್ಕೊಂದು ಅಟ್ರಿಬ್ಯೂಷನ್, ಎರಡನ್ನೂ ಬೇರೆ ಬೇರೆ ಬರೀರಿ. ಎಲ್ಲಾನೂ ಕ್ಲೈಮೇಟ್ ಮೇಲೆ ಹಾಕಿಬಿಟ್ರೆ ಕಾಲುವೆ ಮುಚ್ಚಿದೋರು ಆರಾಮಾಗಿ ತಪ್ಪಿಸ್ಕೊಳ್ತಾರೆ.

ಒಂದೊಂದು ಘಟನೆಗೆ ಲೆಕ್ಕ ಹಾಕೋದನ್ನ ಈವೆಂಟ್ ಅಟ್ರಿಬ್ಯೂಷನ್ ಅಂತಾರೆ. 2022ರ ಮಾರ್ಚ್-ಏಪ್ರಿಲ್‌ನಲ್ಲಿ ಭಾರತ ಪಾಕಿಸ್ತಾನದಲ್ಲಿ ಬಂದ ಬಿಸಿಗಾಳಿ ಬಗ್ಗೆ ವರ್ಲ್ಡ್ ವೆದರ್ ಅಟ್ರಿಬ್ಯೂಷನ್ ಗುಂಪು ಹೇಳಿದ್ದು, ಕ್ಲೈಮೇಟ್ ಚೇಂಜ್‌ನಿಂದ ಅಂಥದ್ದು ಬರೋ ಸಾಧ್ಯತೆ ಸುಮಾರು 30 ಪಟ್ಟು ಜಾಸ್ತಿ ಆಗಿದೆ ಅಂತ. ಕ್ಲೈಮೇಟ್ ಚೇಂಜ್‌ನಿಂದಲೇ ಬಂತು ಅಂತಲ್ಲ, ಸಾಧ್ಯತೆ ಹೆಚ್ಚಿತು ಅಂತ, ಬರೆಯುವಾಗ ಈ ವ್ಯತ್ಯಾಸ ಕಾಪಾಡ್ಕೊಳ್ಳಿ. ಐಪಿಸಿಸಿ ಭಾಷೆನೂ ಹಾಗೇ ಅಳತೆ ಮಾಡಿದ್ದು, ಅದರಲ್ಲಿ ಲೈಕ್ಲಿ ಅಂದ್ರೆ 66 ಪರ್ಸೆಂಟ್ ಮೇಲೆ, ವೆರಿ ಲೈಕ್ಲಿ ಅಂದ್ರೆ 90ರ ಮೇಲೆ.

ಇನ್ನೊಂದು, ಬೇರೆ ಬೇರೆ ಕಡೆಯಿಂದ ಡೇಟಾ ಇಳಿಸ್ಕೊಂಡಾಗ ಅಂಕಿಗಳು ಹೊಂದದೇ ಇದ್ರೆ ಮೊದಲು ಬೇಸ್‌ಲೈನ್, ಅಂದ್ರೆ ಯಾವ ವರ್ಷಗಳ ಸರಾಸರಿಗೆ ಹೋಲಿಸಿದ್ದಾರೆ ಅಂತ ನೋಡಿ. ಐಪಿಸಿಸಿ 1850–1900 ಇಟ್ಕೊಳ್ಳುತ್ತೆ, ನಾಸಾ 1951–1980, ನಮ್ಮ ಹವಾಮಾನ ಇಲಾಖೆ ಈಗ ತಾಪಮಾನಕ್ಕೆ ನಾರ್ಮಲ್ ಅನ್ನೋದು 1991–2020ರ ಸರಾಸರಿ. ಪೇಪರ್‌ನಲ್ಲಿ "ವಾಡಿಕೆಗಿಂತ 2 ಡಿಗ್ರಿ ಹೆಚ್ಚು" ಅಂತ ಬಂದ್ರೆ ಆ ವಾಡಿಕೆನೇ ಆಗಲೇ ಬಿಸಿಯಾಗಿರೋ ಮೂವತ್ತು ವರ್ಷದ್ದು, ಅದನ್ನೂ ಐಪಿಸಿಸಿ ಅಂಕಿನೂ ಒಂದೇ ಟೇಬಲ್‌ಗೆ ಹಾಕೋಕಾಗಲ್ಲ. ಪ್ರತಿ ಗ್ರಾಫ್ ಕೆಳಗೂ ಯಾವ ವರ್ಷಗಳಿಗೆ ಹೋಲಿಸಿದ್ದು ಅಂತ ಒಂದು ಸಾಲು ಬರೀರಿ.